ಕೇಪಳದ ಎಲೆ ಹಳದಿಯಾದರೆ ಮೊದಲು ಗೋಡೆ ನೋಡಿ

ಕಾಂಪೌಂಡ್ ಗೋಡೆಯ ಉದ್ದಕ್ಕೂ ಒಂಬತ್ತು ಕೇಪಳದ ಗಿಡ ನೆಟ್ಟಿದ್ದೆ. ಎಲ್ಲವನ್ನೂ ಒಂದೇ ದಿನ ನೆಟ್ಟಿದ್ದು. ಸಸಿಗಳು ಒಂದೇ ತಾಯಿಗಿಡದವು, ಹಾಕಿದ ಗೊಬ್ಬರ ಒಂದೇ, ಬಿಡುವ ನೀರೂ ಒಂದೇ ಪೈಪಿನದು. ಎರಡನೇ ವರ್ಷ ಮುಗಿಯುವ ಹೊತ್ತಿಗೆ ಏಳು ಗಿಡಗಳ ಚಿಗುರು ಹಳದಿಗೆ ತಿರುಗಿತ್ತು. ಉಳಿದ ಎರಡು ಮಾತ್ರ ಕಡು ಹಸಿರು, ಮೈತುಂಬ ಕೆಂಪು ಗೊಂಚಲು. ಹಳದಿಯಾದವಕ್ಕೆ ಇನ್ನಷ್ಟು ಗೊಬ್ಬರ ಹಾಕಿದೆ, ಅವು ಇನ್ನಷ್ಟು ಹಳದಿಯಾದವು. ಚೆನ್ನಾಗಿದ್ದ ಎರಡು ಗಿಡ ಗೋಡೆ ತಿರುಗುವ ಮೂಲೆ ದಾಟಿ, ಗೋಡೆಯಿಂದ ನಾಲ್ಕಡಿ ಈಚೆಗೆ ಇದ್ದವು. ಅದು ದಿನಾ ಕಣ್ಣಿಗೆ ಕಾಣುತ್ತಲೇ ಇತ್ತು. ಅದರ ಅರ್ಥ ಹೊಳೆಯಲು ಮಾತ್ರ ಇನ್ನೊಂದು ವರ್ಷ ಬೇಕಾಯಿತು.

ಈ ಗಿಡವನ್ನು ಕೆಲವರು ಕೇಪಳ ಅಂತಾರೆ, ಕೆಲವರು ಕಿಸ್ಕಾರ ಅಂತಾರೆ, ನರ್ಸರಿಗಳಲ್ಲಿ ಇಕ್ಸೋರಾ ಅಂದರೆ ತಕ್ಷಣ ಗೊತ್ತಾಗುತ್ತದೆ. ಪೂರ್ತಿ ಹೆಸರು ಇಕ್ಸೋರಾ ಕೊಕ್ಸಿನಿಯಾ, 1753ರಲ್ಲಿ ಲಿನೇಯಸ್ ಇಟ್ಟಿದ್ದು. ಈಶ್ವರ ಅನ್ನುವ ಪದ ಪೋರ್ಚುಗೀಸರ ಬಾಯಲ್ಲಿ ಹೊರಳಿ ಇಕ್ಸೋರಾ ಆಯಿತಂತೆ. ಕೊಕ್ಸಿನಿಯಾ ಅಂದರೆ ಕಡುಗೆಂಪು. ಇದರ ತವರು ದಕ್ಷಿಣ ಭಾರತ ಮತ್ತು ಶ್ರೀಲಂಕಾ, ಆದರೆ ಈಗ ಬೆಚ್ಚಗಿರುವ ನಾಡುಗಳಲ್ಲೆಲ್ಲ ಇದನ್ನು ಬೇಲಿಗೆ, ದಾರಿಯ ಅಂಚಿಗೆ, ಕುಂಡಕ್ಕೆ ಅಂತ ಬೆಳೆಸುತ್ತಾರೆ. ವರ್ಷವಿಡೀ ಹಸಿರಾಗಿರುವ ಪೊದೆ, ಅದರ ಮೇಲೆ ಹೂವು ಬೇರೆ. ಇನ್ನೇನು ಬೇಕು ಅಲ್ವಾ?

ಗಿಡವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಪ್ರತಿ ಜೋಡಿಯ ಬುಡದಲ್ಲಿ, ಎರಡು ಎಲೆಗಳ ನಡುವೆ, ಕಾಂಡಕ್ಕೆ ಅಂಟಿಕೊಂಡ ಹಾಗೆ ಚೂಪು ತುದಿಯ ಪುಟ್ಟದೊಂದು ಹಾಳೆ ಇರುತ್ತದೆ. ಕಾಫಿ ಗಿಡದಲ್ಲೂ ಅದೇ ಜಾಗದಲ್ಲಿ ಅದು ಕಾಣುತ್ತದೆ. ಕೇಪಳ ಮತ್ತು ಕಾಫಿ ಒಂದೇ ಕುಟುಂಬದವು. ಇಬ್ಬರ ರುಚಿಯೂ ಒಂದೇ: ಸ್ವಲ್ಪ ಹುಳಿ ಇರುವ ಮಣ್ಣು, ನೀರು ನಿಲ್ಲದ ನೆಲ, ಬುಡದಲ್ಲಿ ತರಗೆಲೆ. ಈ ಒಂದು ಸಂಬಂಧ ನೆನಪಿಟ್ಟುಕೊಂಡರೆ ಕೇಪಳದ ಅರ್ಧ ಆರೈಕೆ ತಾನಾಗಿ ತಿಳಿಯುತ್ತದೆ.

ಹಳದಿಯ ವಿಷಯಕ್ಕೆ ಬರುತ್ತೇನೆ, ಈ ಬರಹ ಶುರು ಮಾಡಿದ್ದೇ ಅದಕ್ಕಾಗಿ.

ಎಲೆ ಹಳದಿಯಾಯಿತು ಅಂದರೆ ಸಾಲದು. ಯಾವ ಎಲೆ ಅಂತ ನೋಡಬೇಕು. ಕೊಂಬೆಯ ತುದಿಯ ಹೊಸ ಎಲೆ ಹಳದಿಯಾಗಿ, ಅದರ ನರಗಳು ಮಾತ್ರ ಬಲೆ ನೇಯ್ದ ಹಾಗೆ ಹಸಿರಾಗಿಯೇ ಉಳಿದಿದ್ದರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಕೆಳಗಿನ ಹಳೆ ಎಲೆಗಳ ಅಂಚು ಹಳದಿಯಾಗಿ ನಡು ಹಸಿರಾಗಿದ್ದರೆ ಮೆಗ್ನೀಷಿಯಂ ಕಡಿಮೆ ಇರಬಹುದು. ಹಳೆ ಎಲೆಗಳೆಲ್ಲ ಒಂದೇ ಸಮ ಪೇಲವವಾಗಿ, ಇಡೀ ಗಿಡವೇ ಸೊರಗಿದ್ದರೆ ಸಾರಜನಕ ಕಡಿಮೆ. ಇದಕ್ಕೆ ಕಾರಣ ಸರಳ. ಸಾರಜನಕ, ಮೆಗ್ನೀಷಿಯಂ ಇವನ್ನು ಗಿಡ ಹಳೆ ಎಲೆಯಿಂದ ತೆಗೆದು ಹೊಸ ಎಲೆಗೆ ಸಾಗಿಸಿಕೊಳ್ಳಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸಲು ಆಗುವುದಿಲ್ಲ. ಬೇರಿನಿಂದ ಹೊಸದಾಗಿ ಬರದಿದ್ದರೆ ಹೊಸ ಎಲೆ ಬರಿಗೈಯಲ್ಲೇ ಹುಟ್ಟುತ್ತದೆ.

ಬೆರಳೆಣಿಕೆಯ ಹಳೆ ಎಲೆಗಳು ಪೊದೆಯ ಒಳಗೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ. ಸದಾ ಹಸಿರು ಗಿಡ ಅಂದರೆ ಎಲೆ ಉದುರಿಸದ ಗಿಡ ಅಂತಲ್ಲ, ಎಲ್ಲವನ್ನೂ ಒಟ್ಟಿಗೆ ಉದುರಿಸದ ಗಿಡ, ಅಷ್ಟೇ.

ನನ್ನ ಏಳು ಗಿಡಗಳಲ್ಲಿ ಹಳದಿಯಾಗಿದ್ದು ತುದಿಯ ಎಲೆಗಳು. ಹಾಗಾದರೆ ಮಣ್ಣಲ್ಲಿ ಕಬ್ಬಿಣ ಇರಲಿಲ್ಲವಾ? ಇತ್ತು. ನಮ್ಮ ಮಣ್ಣು ಕೆಂಪು, ಆ ಕೆಂಪು ಬಣ್ಣ ಬಂದಿರುವುದೇ ಕಬ್ಬಿಣದಿಂದ. ಗಿಡದ ಬಾಯಿಗೆ ಅದು ಸಿಗುತ್ತಿರಲಿಲ್ಲ. ಮಣ್ಣಿನ ಹುಳಿಯನ್ನು ಅಳೆಯುವುದು ಪಿಎಚ್ ಅನ್ನುವ ಅಂಕಿಯಲ್ಲಿ, 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು. ಅದು 5ರಿಂದ 6ರ ಆಸುಪಾಸು ಇದ್ದರೆ ಕೇಪಳ ಸುಖವಾಗಿರುತ್ತದೆ. 7 ದಾಟಿದರೆ ಮಣ್ಣಿನ ಕಬ್ಬಿಣ ನೀರಲ್ಲಿ ಕರಗದ ರೂಪಕ್ಕೆ ತಿರುಗುತ್ತದೆ. ಕರಗದೇ ಇದ್ದದ್ದನ್ನು ಬೇರು ಹೀರುವುದಾದರೂ ಹೇಗೆ?

ಪಿಎಚ್ ಏರಿಸಿದ್ದು ಗೋಡೆ. ಸಿಮೆಂಟಿನಲ್ಲಿ ಸುಣ್ಣದ ಅಂಶ ಜಾಸ್ತಿ, ಮಳೆ ನೀರು ಗೋಡೆ ಮೇಲಿಂದ ಇಳಿಯುವಾಗ ಅದನ್ನು ಅಷ್ಟಷ್ಟೇ ಕರಗಿಸಿಕೊಂಡು ಬುಡದ ಮಣ್ಣಿಗೆ ಬಿಡುತ್ತದೆ. ಅದೊಂದೇ ಆಗಿದ್ದರೆ ಇಷ್ಟು ಬೇಗ ಇಷ್ಟು ಹಾಳಾಗುತ್ತಿರಲಿಲ್ಲವೇನೋ. ಒಂದು ಗಿಡದ ಪಕ್ಕ ಅಗೆದು ನೋಡಿದಾಗ ಒಂದಡಿ ಕೆಳಗೆ ಗಾರೆಯ ಚೂರುಗಳು, ಇಟ್ಟಿಗೆ ಪುಡಿ, ಗಟ್ಟಿಯಾದ ಸಿಮೆಂಟಿನ ಉಂಡೆಗಳು ಸಿಕ್ಕವು. ಗೋಡೆ ಕಟ್ಟಿದವರು ಉಳಿದದ್ದನ್ನೆಲ್ಲ ಅಡಿಪಾಯದ ಪಕ್ಕಕ್ಕೇ ತಳ್ಳಿ ಮೇಲೆ ಒಳ್ಳೆ ಮಣ್ಣು ಹರಡಿದ್ದರು. ಸಸಿ ಚಿಕ್ಕದಿದ್ದಾಗ ಬೇರು ಆ ಮೇಲುಮಣ್ಣಲ್ಲೇ ಇತ್ತು, ಅದಕ್ಕೇ ಮೊದಲ ವರ್ಷ ಎಲ್ಲವೂ ಚೆನ್ನಾಗಿದ್ದವು. ಬೇರು ಕೆಳಗಿಳಿದ ಮೇಲೆ ಹಳದಿ ಶುರುವಾಯಿತು.

ನೀವೂ ನೋಡಬೇಕೆಂದರೆ ಒಂದು ಸುಲಭದ ಪರೀಕ್ಷೆ ಇದೆ. ಬುಡದಿಂದ ಒಂದು ಹಿಡಿ ಮಣ್ಣು ತೆಗೆದು ಚೆನ್ನಾಗಿ ಒಣಗಿಸಿ, ಅದರ ಮೇಲೆ ವಿನೆಗರ್ ಸುರಿಯಿರಿ. ಗುಳ್ಳೆ ಎದ್ದು ಬುಸುಗುಟ್ಟಿದರೆ ಮಣ್ಣಲ್ಲಿ ಸುಣ್ಣ ಇದೆ ಅಂತ ಅರ್ಥ. ಗುಳ್ಳೆ ಬರದಿದ್ದರೆ ಪಿಎಚ್ ಸರಿಯಿದೆ ಅಂತ ಹೇಳಲಾಗುವುದಿಲ್ಲ, ಅದಕ್ಕೆ ಮಣ್ಣು ಪರೀಕ್ಷೆಯೇ ಆಗಬೇಕು. ಆದರೆ ಗುಳ್ಳೆ ಬಂದರೆ ಮಾತ್ರ ಮುಂದಿನ ದಾರಿ ಸ್ಪಷ್ಟ. ಗೋಡೆ ಪಕ್ಕದ ಮಣ್ಣಿಗೆ ಸುರಿದಾಗ ಬಂದ ಸದ್ದು ನಿಂತಲ್ಲಿಗೇ ಕೇಳಿಸಿತು. ನಾಲ್ಕಡಿ ಈಚೆಯ ಮಣ್ಣು ಸುಮ್ನೆ ಒದ್ದೆಯಾಯಿತು.

ಗೊತ್ತಾದ ಮೇಲೆ ಏನು ಮಾಡುವುದು? ತಕ್ಷಣಕ್ಕೆ ಎಲ್ಲರೂ ಹೇಳುವುದು ಅನ್ನಭೇದಿ ಹಾಕಿ ಅಂತ, ಅಂದರೆ ಫೆರಸ್ ಸಲ್ಫೇಟ್. ಹುಳಿ ಮಣ್ಣಲ್ಲಿ ಅದು ಕೆಲಸ ಮಾಡುತ್ತದೆ. ಸುಣ್ಣದ ಮಣ್ಣಿಗೆ ಸುರಿದರೆ ಕೆಲವೇ ದಿನಗಳಲ್ಲಿ ಅದೂ ಕರಗದ ಕಬ್ಬಿಣವಾಗಿ ಕೂತುಬಿಡುತ್ತದೆ. ಅದಕ್ಕೆ ಬದಲು ಚಿಲೇಟೆಡ್ ಕಬ್ಬಿಣ ಸಿಗುತ್ತದೆ, ಕಬ್ಬಿಣದ ಸುತ್ತ ಇನ್ನೊಂದು ಅಣು ಅಪ್ಪಿಕೊಂಡು ಅದು ಮಣ್ಣಲ್ಲಿ ಸಿಕ್ಕಿಬೀಳದ ಹಾಗೆ ಕಾಯುತ್ತದೆ. ಕೊಳ್ಳುವಾಗ ಪೊಟ್ಟಣ ತಿರುಗಿಸಿ ಆ ಅಪ್ಪಿಕೊಳ್ಳುವ ಅಣುವಿನ ಹೆಸರು ಓದಿ. ಇಡಿಟಿಎ ಅಂತ ಇದ್ದರೆ ಅದು ಪಿಎಚ್ ಸುಮಾರು 6.5ರವರೆಗೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ, ಡಿಟಿಪಿಎ ಸುಮಾರು 7.5ರವರೆಗೆ, ಸುಣ್ಣ ಇರುವ ಮಣ್ಣಿಗೆ ಇಡಿಡಿಎಚ್‌ಎ ಇರುವುದೇ ಬೇಕು. ನಾನು ಮೊದಲು ತಂದದ್ದು ಇಡಿಟಿಎ. ಅದನ್ನು ಬುಡಕ್ಕೆ ಹಾಕಿ ತಿಂಗಳು ಕಾದರೂ ಏನೂ ಬದಲಾಗಲಿಲ್ಲ. ಅದೇ ಪುಡಿಯನ್ನು ನೀರಲ್ಲಿ ಬೆರೆಸಿ ಎಲೆಗೆ ಸಿಂಪಡಿಸಿದಾಗ ಎರಡು ವಾರದೊಳಗೆ ಹಸಿರು ಬಂತು, ಯಾಕೆಂದರೆ ಅಲ್ಲಿ ಮಣ್ಣಿನ ಕಾಟವೇ ಇಲ್ಲ. ಆದರೆ ಆಮೇಲೆ ಬಂದ ಹೊಸ ಎಲೆ ಮತ್ತೆ ಹಳದಿ. ಸಿಂಪಡಣೆ ಹಸಿವಾದಾಗ ಕೊಡುವ ಒಂದು ತುತ್ತು ಇದ್ದ ಹಾಗೆ, ಅಷ್ಟಕ್ಕೇ ಉಪಯೋಗ. (ಕಬ್ಬಿಣದ ನೀರು ನೆಲದ ಕಲ್ಲಿನ ಮೇಲೆ, ಗೋಡೆ ಮೇಲೆ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ. ಬಿದ್ದ ತಕ್ಷಣ ತೊಳೆಯಿರಿ.)

ಗಂಧಕದ ಪುಡಿ ಬೆರೆಸಿದರೆ ಮಣ್ಣಿನ ಹುಳಿ ಹೆಚ್ಚುತ್ತದೆ ಅನ್ನುವುದು ನಿಜ. ಮಣ್ಣಿನ ಬ್ಯಾಕ್ಟೀರಿಯಾ ಗಂಧಕವನ್ನು ನಿಧಾನವಾಗಿ ಆಮ್ಲ ಮಾಡುತ್ತವೆ, ಅದಕ್ಕೆ ತೇವ ಬೇಕು, ಬೆಚ್ಚಗಿರಬೇಕು, ತಿಂಗಳುಗಟ್ಟಲೆ ಸಮಯವೂ ಬೇಕು. ಆದರೆ ಗಾರೆ ಚೂರುಗಳೇ ತುಂಬಿರುವ ಜಾಗದಲ್ಲಿ ಎಷ್ಟು ಹುಳಿ ಹುಟ್ಟಿದರೂ ಸುಣ್ಣ ಅದನ್ನು ನುಂಗಿಹಾಕುತ್ತದೆ. ಅಂಥ ಕಡೆ ಉಳಿಯುವುದು ಎರಡೇ ದಾರಿ: ಆ ಮಣ್ಣನ್ನೇ ಅಗೆದು ತೆಗೆಯಬೇಕು, ಇಲ್ಲವೇ ಗಿಡವನ್ನು ಸರಿಸಬೇಕು.

ಕುಂಡದಲ್ಲಿ ಬೆಳೆಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಸಿಮೆಂಟಿನ ಕುಂಡ ಕೇಪಳಕ್ಕೆ ಬೇಡ. ಮಣ್ಣಿನದು ಇರಲಿ, ಪ್ಲಾಸ್ಟಿಕ್ಕಿನದು ಇರಲಿ, ತಳದಲ್ಲಿ ತೂತು ಸರಿಯಾಗಿರಬೇಕು. ಮರದ ಬೂದಿ, ಮೊಟ್ಟೆ ಚಿಪ್ಪಿನ ಪುಡಿ, ಮೂಳೆ ಪುಡಿ ಇವು ಬೇರೆ ಗಿಡಕ್ಕೆ ಒಳ್ಳೆಯದೇ ಇರಬಹುದು, ಕೇಪಳಕ್ಕೆ ಹಾಕಬೇಡಿ. ಬೂದಿಯೂ ಚಿಪ್ಪೂ ಹುಳಿಯನ್ನು ಕೊಲ್ಲುತ್ತವೆ. ಮೂಳೆ ಪುಡಿಯಲ್ಲಿ ಸುಣ್ಣದ ಜೊತೆ ರಂಜಕವೂ ತುಂಬ ಇರುತ್ತದೆ, ರಂಜಕ ಮಿತಿ ಮೀರಿದರೆ ಅದೂ ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಹೂವು ಜಾಸ್ತಿ ಬರಲಿ ಅಂತ ನಾನು ಆ ಏಳು ಗಿಡಗಳಿಗೆ ಹಾಕಿದ್ದು ಅದನ್ನೇ, ಕೈತುಂಬ. ಕಾಫಿ ಚರಟ ಹಾಕಿದರೆ ಮಣ್ಣು ಹುಳಿಯಾಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಕಾಫಿ ಇಳಿಸುವಾಗ ಹುಳಿಯ ಬಹುಪಾಲು ಡಿಕಾಕ್ಷನ್‌ಗೆ ಹೋಗಿರುತ್ತದೆ, ಉಳಿದ ಚರಟದಲ್ಲಿ ಹೆಚ್ಚೇನೂ ಇರುವುದಿಲ್ಲ. ಕಾಂಪೋಸ್ಟ್‌ಗೆ ಸೇರಿಸಿ, ಅದು ಒಳ್ಳೆಯದು. ಅದನ್ನೇ ಮದ್ದು ಅಂತ ನಂಬಬೇಡಿ.

ನೀರಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಬಕೆಟ್ಟಿನಲ್ಲಿ, ನಲ್ಲಿಯಲ್ಲಿ ಬಿಳಿ ಪೊರೆ ಕಟ್ಟುವ ಗಡಸು ನೀರನ್ನು ವರ್ಷಾನುಗಟ್ಟಲೆ ಹಾಕಿದರೆ ಒಳ್ಳೆ ಮಣ್ಣಿನ ಪಿಎಚ್ ಕೂಡ ಮೆಲ್ಲಗೆ ಏರುತ್ತದೆ. ಕುಂಡದಲ್ಲಂತೂ ಬೇಗ ಏರುತ್ತದೆ. ಮಳೆ ನೀರು ಹಿಡಿದಿಟ್ಟುಕೊಳ್ಳಲು ಆದರೆ ಮೊದಲ ಪಾಲು ಕೇಪಳಕ್ಕೆ ಕೊಡಿ.

ನೆಡುವ ಕ್ರಮದಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ಗೋಡೆಯಿಂದ, ಸಿಮೆಂಟ್ ದಾರಿಯಿಂದ ಕನಿಷ್ಠ ಮೂರಡಿ ದೂರ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ. ನೆರಳಲ್ಲಿ ಗಿಡ ಸಾಯುವುದಿಲ್ಲ, ಎಲೆಯೂ ಚೆನ್ನಾಗಿಯೇ ಇರುತ್ತದೆ, ಆದರೆ ಕೊಂಬೆ ಉದ್ದುದ್ದ ಬೆಳೆದು ಹೂವು ಕೈಕೊಡುತ್ತದೆ. ಬೇಲಿಯ ಸಾಲಿಗೆ ಗಿಡದಿಂದ ಗಿಡಕ್ಕೆ ಎರಡರಿಂದ ಮೂರಡಿ, ಕುಳ್ಳ ತಳಿಗಳಾದರೆ ಒಂದರಿಂದ ಒಂದೂವರೆ ಅಡಿ ಸಾಕು. ಕೊಳ್ಳುವಾಗ ಎಲೆ ತಿರುಗಿಸಿ ಹಿಂಬದಿ ನೋಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಚೀಲದೊಳಗೆ ಬೇರು ಸುತ್ತಿಕೊಂಡಿದ್ದರೆ ಬೆರಳಿನಿಂದ ಬಿಡಿಸಿ ನೆಡಿ. ಚೀಲದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೇ ಹೂಳಬೇಕು, ಕಾಂಡ ಮುಚ್ಚಬಾರದು. ಮೇಲೆ ಎರಡು ಮೂರು ಇಂಚು ತರಗೆಲೆ ಹೊದಿಸಿ, ಕಾಂಡದ ಸುತ್ತ ಮಾತ್ರ ಒಂದಿಷ್ಟು ಜಾಗ ಖಾಲಿ ಬಿಡಿ. ಹಿಮ ಬೀಳುವಷ್ಟು ಚಳಿ ಇರುವ ಕಡೆ ನೆಲಕ್ಕೆ ನೆಡದೆ ಕುಂಡದಲ್ಲೇ ಇಟ್ಟು, ಚಳಿಗಾಲದಲ್ಲಿ ಒಳಗೆ ತರಬೇಕು.

ಈಗ ಕತ್ತರಿಯ ವಿಷಯ. ಹಳದಿ ಬಿಟ್ಟರೆ ಕೇಪಳಕ್ಕೆ ಜನ ಮಾಡುವ ದೊಡ್ಡ ಅನ್ಯಾಯ ಇದೇ ಅಂತ ನನ್ನ ಅನಿಸಿಕೆ. ತಿಂಗಳಿಗೊಮ್ಮೆ ಬೇಲಿ ಕತ್ತರಿ ಹಿಡಿದು ಇಡೀ ಸಾಲನ್ನು ಪೆಟ್ಟಿಗೆಯ ಹಾಗೆ ಚಪ್ಪಟೆ ಮಾಡುತ್ತಾರೆ, ಆಮೇಲೆ ಹೂವೇ ಬರುವುದಿಲ್ಲ ಅಂತಾರೆ. ಕೇಪಳ ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ತುದಿಯಲ್ಲಿ ಮಾತ್ರ. ತುದಿ ಕತ್ತರಿಸಿದರೆ ಒಳಗೆ ತಯಾರಾಗುತ್ತಿದ್ದ ಮೊಗ್ಗೂ ಹೋಯಿತು.

ಹೂವು ಮುಗಿದ ಗೊಂಚಲನ್ನು ನೋಡಿ. ಅದರ ಕೆಳಗೆ ಎದುರುಬದುರು ಎರಡು ಎಲೆ ಇರುತ್ತವೆ, ಒಂದೊಂದು ಎಲೆಯ ಕಂಕುಳಲ್ಲಿ ಒಂದೊಂದು ಕಣ್ಣು. ಒಣಗಿದ ಗೊಂಚಲನ್ನು ಆ ಜೋಡಿಯ ಸ್ವಲ್ಪ ಮೇಲೆ ಕತ್ತರಿಸಿದರೆ ಎರಡೂ ಕಣ್ಣು ಚಿಗುರಿ ಎರಡು ಕೊಂಬೆ ಆಗುತ್ತವೆ. ಎರಡು ಕೊಂಬೆ ಅಂದರೆ ಎರಡು ತುದಿ, ಎರಡು ಗೊಂಚಲು. ಮುಂದಿನ ಸಲ ನಾಲ್ಕು. ಹೀಗೆ ಪೊದೆ ತಾನೇ ದುಂಡಗೆ, ಒತ್ತಾಗಿ ತುಂಬಿಕೊಳ್ಳುತ್ತದೆ, ಕತ್ತರಿಯಿಂದ ಆಕಾರ ಕೊಡುವ ಅಗತ್ಯವೇ ಬೀಳುವುದಿಲ್ಲ. ಚಿಕ್ಕ ಕತ್ತರಿಯಲ್ಲಿ ಒಂದೊಂದೇ ಕೊಂಬೆ ನೋಡಿ ಕತ್ತರಿಸಲು ಹೊತ್ತು ಹಿಡಿಯುತ್ತದೆ, ನನಗೆ ಆ ಎರಡು ಗಿಡಕ್ಕೇ ಅರ್ಧ ಗಂಟೆ ಬೇಕು. ಆದರೆ ಆ ಅರ್ಧ ಗಂಟೆಯಲ್ಲೇ ಗಿಡದ ಆರೋಗ್ಯವೂ ಗೊತ್ತಾಗಿಬಿಡುತ್ತದೆ. ತೀರಾ ಅಡ್ಡಾದಿಡ್ಡಿ ಬೆಳೆದ ಹಳೆ ಪೊದೆಯಾದರೆ ಒಂದೇ ಸಲಕ್ಕೆ ಬುಡಮಟ್ಟ ಕಡಿಯಬೇಡಿ. ಮೂರರಲ್ಲೊಂದು ಪಾಲು ಹಳೆ ಕೊಂಬೆಗಳನ್ನು ಈ ವರ್ಷ ಕೆಳಗಿನಿಂದ ತೆಗೆಯಿರಿ, ಉಳಿದದ್ದು ಮುಂದಿನ ವರ್ಷಗಳಿಗೆ ಇರಲಿ. ಒಂದೇ ಎತ್ತರದ, ನೇರ ಗೆರೆಯ ಹಸಿರು ಗೋಡೆಯೇ ಬೇಕು ಅನ್ನುವವರು ದಯವಿಟ್ಟು ಬೇರೆ ಗಿಡ ಆರಿಸಿಕೊಳ್ಳಿ, ಅದಕ್ಕೆ ಒಪ್ಪುವ ಗಿಡಗಳು ಎಷ್ಟೋ ಇವೆ.

ಗೊಂಚಲು ಬಿಟ್ಟಾಗ ಬೆಳಗಿನ ಹೊತ್ತು ಐದು ನಿಮಿಷ ಅದರ ಮುಂದೆ ನಿಲ್ಲಿ. ಒಂದೊಂದು ಹೂವಿಗೂ ನಾಲ್ಕೇ ದಳ, ಅದರ ಕೆಳಗೆ ಇಂಚಿಗಿಂತ ಉದ್ದದ ಸಪೂರ ನಳಿಕೆ, ಮಕರಂದ ಇರುವುದು ಆ ನಳಿಕೆಯ ತಳದಲ್ಲಿ. ಉದ್ದ ನಾಲಗೆಯ ಚಿಟ್ಟೆಗೆ ಅದು ಸಲೀಸಾಗಿ ಸಿಗುತ್ತದೆ. ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ: ಮೊಗ್ಗು ಅರಳುವ ಮೊದಲೇ, ಒಳಗೇ, ಪರಾಗ ನಡುವಿನ ಕಡ್ಡಿಯ ಮೇಲೆ ಉದುರಿ ಅಂಟಿಕೊಂಡಿರುತ್ತದೆ. ಹೂವು ಬಿಚ್ಚಿದಾಗ ಆ ಕಡ್ಡಿ ಪರಾಗ ಹಿಡಿದುಕೊಂಡು ಹೊರಗೆ ನಿಂತಿರುತ್ತದೆ, ಚಿಟ್ಟೆ ಬಗ್ಗಿದಾಗ ಮೈಗೆ ತಾಗುತ್ತದೆ. ಪರಾಗ ಹೋದ ಮೇಲೆ ಅದೇ ಕಡ್ಡಿಯ ತುದಿ ಎರಡಾಗಿ ಸೀಳಿ, ಬೇರೆ ಹೂವಿನ ಪರಾಗಕ್ಕೆ ಕಾಯುತ್ತದೆ. ಒಂದೇ ಕಡ್ಡಿ ಮೊದಲು ಕೊಡುತ್ತದೆ, ಆಮೇಲೆ ಪಡೆಯುತ್ತದೆ. ಗೊಂಚಲಿನ ಅಂಚಿನ ಹೂವನ್ನೂ ನಡುವಿನ ಹೂವನ್ನೂ ಭೂತಗನ್ನಡಿಯಲ್ಲಿ ಹೋಲಿಸಿದರೆ ಎರಡು ಹಂತವೂ ಒಂದೇ ಗೊಂಚಲಲ್ಲಿ ಕಾಣುತ್ತವೆ.

ಇನ್ನು ಎಲೆಯ ಹಿಂಬದಿ. ಎಲೆಗಳ ಮೇಲೆ ಮಸಿ ಬಳಿದ ಹಾಗೆ ಕಪ್ಪು ಪೊರೆ ಬಂದಿದೆಯಾ? ಕೊಂಬೆಯ ಮೇಲೆ ಇರುವೆ ಸಾಲು ಓಡಾಡುತ್ತಿದೆಯಾ? ಹಾಗಾದರೆ ಎಲೆ ತಿರುಗಿಸಿ, ನಡುನರದ ಗುಂಟ ಅಂಟಿಕೊಂಡಿರುವ ಪುಟ್ಟ ಹಸಿರು ಅಥವಾ ಕಂದು ಹುರುಪೆಗಳನ್ನು ಹುಡುಕಿ. ಅದು ಶಲ್ಕ ಕೀಟ. ಕಾಫಿಯನ್ನು ಕಾಡುವ ಹಸಿರು ಶಲ್ಕ ಕೀಟವೇ ಇಲ್ಲಿಗೂ ಬರುತ್ತದೆ, ನೆಂಟಸ್ತಿಕೆ ಇದೆಯಲ್ಲ. ಅದು ರಸ ಹೀರಿ ಸಿಹಿ ಅಂಟು ಬಿಡುತ್ತದೆ, ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಇರುವೆಗಳು ಆ ಸಿಹಿಗಾಗಿ ಕೀಟವನ್ನು ಕಾಯುತ್ತವೆ, ತಿನ್ನಲು ಬಂದ ಗುಲಗಂಜಿ ಹುಳುಗಳನ್ನು ಓಡಿಸುತ್ತವೆ. ಹಾಗಾಗಿ ಬರೀ ಕಪ್ಪು ಒರೆಸಿದರೆ ಪ್ರಯೋಜನವಿಲ್ಲ. ಜಾಸ್ತಿ ಹತ್ತಿದ ಕೊಂಬೆ ಕತ್ತರಿಸಿ ತೆಗೆಯಿರಿ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎಣ್ಣೆ ನೀರಲ್ಲಿ ಬೆರೆಯಲು ಕೆಲವು ಹನಿ ಸೋಪು ದ್ರಾವಣ ಹಾಕಿ ಚೆನ್ನಾಗಿ ಕಲಕಿ, ಸಂಜೆ ಬಿಸಿಲಿಳಿದ ಮೇಲೆ ಎಲೆಯ ಹಿಂಬದಿಗೇ ಸಿಂಪಡಿಸಿ. ವಾರ ಹತ್ತು ದಿನ ಬಿಟ್ಟು ಮತ್ತೊಮ್ಮೆ, ಬೇಕಾದರೆ ಮೂರನೇ ಸಲ. ಹೂವಿಗೆ ಬೀಳದಂತೆ ನೋಡಿಕೊಳ್ಳಿ. ಗಿಡದ ಕೊಂಬೆ ಗೋಡೆಗೋ ಪಕ್ಕದ ಗಿಡಕ್ಕೋ ತಾಗಿದ್ದರೆ ಅದನ್ನು ಕತ್ತರಿಸಿ, ಇರುವೆಗೆ ಅದೇ ಸೇತುವೆ.

ಗೊಬ್ಬರ ಅಂತ ನಾನೀಗ ಕೊಡುವುದು ವರ್ಷಕ್ಕೆ ಎರಡು ಮೂರು ಸಲ ಕಾಂಪೋಸ್ಟ್ ಅಥವಾ ಎರೆಗೊಬ್ಬರ, ಅಷ್ಟೇ.

ಹೊಸ ಗಿಡ ಮಾಡಲು ಪೆನ್ಸಿಲ್‌ಗಿಂತ ಸಪೂರವಾದ, ತೀರಾ ಎಳೆಯದೂ ಅಲ್ಲದ ಬಲಿತದ್ದೂ ಅಲ್ಲದ ಕೊಂಬೆಯ ನಾಲ್ಕರಿಂದ ಆರಿಂಚಿನ ತುಂಡು ಬೇಕು. ಮೇಲಿನ ಎರಡು ಎಲೆ ಬಿಟ್ಟು ಉಳಿದವನ್ನು ತೆಗೆದು, ಬುಡಕ್ಕೆ ಬೇರು ಬರಿಸುವ ಪುಡಿ ಮುಟ್ಟಿಸಿ, ಮರಳು ಬೆರೆಸಿದ ಮಣ್ಣಲ್ಲಿ ಊರಿ, ಮೇಲೆ ಪ್ಲಾಸ್ಟಿಕ್ ಚೀಲ ಕವುಚಿ ನೆರಳಲ್ಲಿಡಿ. ಒಂದೂವರೆ, ಎರಡು ತಿಂಗಳು ಕಾಯಬೇಕು. ಮಧ್ಯೆ ಎಳೆದು ನೋಡಬೇಡಿ! ನನಗೆ ಇದಕ್ಕಿಂತ ಗೂಟಿ ಕಟ್ಟುವುದು, ಅಂದರೆ ಗಿಡದಲ್ಲಿರುವ ಕೊಂಬೆಗೇ ಸಿಪ್ಪೆ ಸುಲಿದು ಒದ್ದೆ ಮಣ್ಣು ಕಟ್ಟಿ ಬೇರು ಬರಿಸುವುದು, ಹೆಚ್ಚು ಕೈಹಿಡಿದಿದೆ. ಚೆನ್ನಾಗಿದ್ದ ಎರಡು ಗಿಡಗಳಿಂದ ಗೂಟಿಯಲ್ಲಿ ಮಾಡಿದ ನಾಲ್ಕು ಸಸಿಗಳು ಈಗ ಗೋಡೆಯಿಂದ ಐದಡಿ ಈಚೆಗೆ ಹೊಸ ಸಾಲಾಗಿ ನಿಂತಿವೆ.

ಹಳೆಯ ಏಳರಲ್ಲಿ ಎರಡು ಸತ್ತವು. ನಾಲ್ಕನ್ನು ಕಳೆದ ಮಳೆಗಾಲದಲ್ಲಿ ಕೊಂಬೆ ಅರ್ಧಕ್ಕೆ ಇಳಿಸಿ, ಬೇರಿನ ಸುತ್ತ ದೊಡ್ಡ ಉಂಡೆ ಮಣ್ಣು ಬಿಟ್ಟು ಅಗೆದು, ಬೇರಿಗೆ ಸಿಕ್ಕಿದ ಗಾರೆ ಚೂರುಗಳನ್ನು ಕೈಯಲ್ಲೇ ಆಯ್ದು ತೆಗೆದು ಹೊಸ ಸಾಲಿಗೆ ಸೇರಿಸಿದೆ. ಮೂರು ತಿಂಗಳು ಸುಮ್ಮನಿದ್ದು ಆಮೇಲೆ ಚಿಗುರಿದವು, ಒಂದು ಹೂವೂ ಬಿಟ್ಟಿದೆ. ಕೊನೆಯದು, ಎಲ್ಲಕ್ಕಿಂತ ಹಳದಿಯಾಗಿದ್ದದ್ದು, ಅದನ್ನು ಕಿತ್ತರೆ ಉಳಿಯುತ್ತದೋ ಇಲ್ಲವೋ ಅಂತ ಹೆದರಿ ಬಹಳ ದಿನ ಬಿಟ್ಟಿದ್ದೆ. ಅದನ್ನೂ ಸರಿಸಿ ಐದು ವಾರ ಆಯಿತು. ಮೊನ್ನೆಯಿಂದ ಒಂದು ಕೊಂಬೆಯ ತುದಿಯಲ್ಲಿ ಎರಡು ಎಲೆ ಬಿಚ್ಚುತ್ತಿವೆ. ಕೇಪಳದ ಎಳೆ ಎಲೆ ಮೊದಲಿಗೆ ಕಂಚಿನ ಬಣ್ಣ ಇರುತ್ತದೆ, ಅದು ಹಸಿರಾಗುತ್ತದೋ ಹಳದಿಯಾಗುತ್ತದೋ ತಿಳಿಯಲು ಇನ್ನೂ ಹತ್ತು ದಿನ ಬೇಕು.